ನೂರಕ್ಕೆ ಎಪ್ಪತ್ತು

ಬುರ್ಗಿ ಪೊಯಿಂಟ್ನರಳ ಮೈಯಲ್ಲಿದ್ದದ್ದು ಒಂದೇ ಕಿಡ್ನಿ. ಇನ್ನೊಂದು ಅವಳ ತಮ್ಮ ಕ್ವಿರಿನ್‌ನ ಹೊಟ್ಟೆಯಲ್ಲಿತ್ತು. ಬಲಮಗ್ಗುಲಲ್ಲಿ, ಸೊಂಟದ ಎಲುಬಿಗೆ ಒತ್ತಿಕೊಂಡು, ಚರ್ಮದ ಕೆಳಗೇ ಕೂತಿದ್ದ ಅದು ಅಂಗೈಯಿಟ್ಟರೆ ಗಟ್ಟಿಯಾಗಿ ಸಿಗುತ್ತಿತ್ತು. ಬಸ್ಸು ಓಡಿಸುವಾಗ ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಕ್ವಿರಿನ್‌ನ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

ಮೂವತ್ತು ದಾಟುತ್ತಿದ್ದ ಹಾಗೆ ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಳ್ಳಬೇಕಾಯಿತು. ಮೊದಲು ಬಸ್ಸಿನ ಕೆಲಸ ಹೋಯಿತು, ಆಮೇಲೆ ಹೆಂಡತಿ ಹೋದಳು. ಬದುಕು ಇಷ್ಟೇ ಎಂದು ಅವನು ಕೈಚೆಲ್ಲಿ ಕೂತಿದ್ದಾಗ ಬುರ್ಗಿ ಒಂದು ಬೆಳಗ್ಗೆ ಕಾಫಿ ಕಲಕುತ್ತ, "ನನ್ನದೊಂದು ತಗೊಳ್ಳೋ. ಒಂಟಿ ಹೆಂಗಸಿಗೆ ಎರಡ್ಯಾಕೆ?" ಅಂದಿದ್ದಳು. ಮಾರುಕಟ್ಟೆಯಿಂದ ಎರಡು ಎಲೆಕೋಸು ತಂದವಳು ಒಂದನ್ನು ಪಕ್ಕದ ಮನೆಗೆ ಕೊಡುವ ಧಾಟಿಯಲ್ಲಿ. ಆ ಮಾತಿಗೆ ಹದಿನೇಳು ವರ್ಷವಾಗಿತ್ತು.

ಮಾರಿಯಾಬಾಖ್ ಯಾತ್ರಿಕರ ಊರು. ಜರ್ಮನಿಯ ಬವೇರಿಯ ಪ್ರಾಂತದ ಮೂಲೆಮೂಲೆಯಿಂದ ಜನ ಅಲ್ಲಿನ ಕಪ್ಪು ಮೇರಿ ಮಾತೆಗೆ ಹರಕೆ ಹೊತ್ತು ಬರುತ್ತಾರೆ. ಅವರನ್ನು ರೈಲು ನಿಲ್ದಾಣದಿಂದ ಗುಡಿಯ ಚೌಕಕ್ಕೆ ತಂದು ಬಿಡುವ ಬಸ್ಸು ಕ್ವಿರಿನ್‌ನದು. ಚೌಕದಲ್ಲಿ ಇಳಿದವರು ಮೊದಲು ಹೊಕ್ಕುವ ಮೇಣದ ಅಂಗಡಿ ಬುರ್ಗಿಯದು. ಅಂಗಡಿಯ ಹಿಂದೆಯೇ ಕೆಲಸದ ಮನೆ. ಅಲ್ಲಿ ತಾಮ್ರದ ಕಡಾಯಿಯಲ್ಲಿ ಮೇಣ ಕರಗುತ್ತಿರುತ್ತಿತ್ತು. ಅವಳೂ, ಅವಳ ಜತೆ ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದ ಆಫ್ರಾ ಎಂಬ ವಿಧವೆಯೂ ಎದ್ದರೆ ಬತ್ತಿ, ಕೂತರೆ ಬತ್ತಿ. ಅದರಲ್ಲೂ ಕ್ರಿಸ್‌ಮಸ್ ಮುಗಿದು ಜನವರಿ ಬಂತೆಂದರೆ ಇಬ್ಬರಿಗೂ ಉಸಿರಾಡಲು ಪುರುಸೊತ್ತಿಲ್ಲ. ಫೆಬ್ರವರಿ ಹುಟ್ಟುತ್ತಿದ್ದ ಹಾಗೆ ದೀಪದ ಹಬ್ಬ. ಸುತ್ತಲಿನ ಎಲ್ಲ ಇಗರ್ಜಿಗಳಲ್ಲಿ ವರ್ಷಕ್ಕಾಗುವಷ್ಟು ಮೇಣದಬತ್ತಿಗೆ ಪಾದ್ರಿಗಳು ಪವಿತ್ರ ಜಲ ಚಿಮುಕಿಸುವ ದಿನ ಅದು. ಆ ಬತ್ತಿಯೆಲ್ಲ ಬುರ್ಗಿಯ ಕೈಯಿಂದಲೇ ಹೋಗಬೇಕು.

ಹಾಗಾಗಿಯೇ ಡಿಸೆಂಬರಿನಲ್ಲಿ ಸೊಂಟದ ಮೇಲೆ ಚಳುಕು ಬಂದು ಮೂತ್ರ ಕೆಂಪಗಾದಾಗ ಅವಳು ಮೊದಲು ಅಂದದ್ದು, "ಇದಕ್ಕೂ ಈಗಲೇ ಬರಬೇಕಿತ್ತಾ!"

ಕ್ವಿರಿನ್ ಮಾತ್ರ ಕಾಯಲಿಲ್ಲ. ಅವತ್ತೇ ರಜೆ ಹಾಕಿ, ಬೈದು ಬುದ್ಧಿ ಹೇಳಿ, ಅವಳನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿನ ಮೂತ್ರರೋಗದ ಡಾಕ್ಟರ್ ಲೋಯ್ಬಲ್ ನಲವತ್ತು ದಾಟದ ಮನುಷ್ಯ. ಮಾತು ಮೆತ್ತಗೆ, ಕಣ್ಣು ಚುರುಕು. ಸ್ಕ್ಯಾನಿನ ಚಿತ್ರವನ್ನು ಪರದೆಯ ಮೇಲೆ ತಂದು ತೋರಿಸಿದರು. ಬೂದು ಬಣ್ಣದ ಕಿಡ್ನಿಯ ತಳದ ಬಟ್ಟಲಿನಲ್ಲಿ ಗೋಲಿಯಷ್ಟು ದೊಡ್ಡ ಬಿಳಿ ಚುಕ್ಕೆ ಹೊಳೆಯುತ್ತಿತ್ತು.

"ಇದೇ ನಿಮ್ಮ ಅತಿಥಿ," ಅಂದರು.

"ಬಾಡಿಗೆ ಕೊಡದೆ ಕೂತಿದಾನೆ," ಅಂದಳು ಬುರ್ಗಿ. "ಓಡಿಸೋದು ಹೇಗೆ ಹೇಳಿ."

ದಾರಿ ಎರಡಿದ್ದವು. ಮೈ ಹೊರಗಿನಿಂದ ಆಘಾತದ ಅಲೆಗಳನ್ನು ಕಲ್ಲಿಗೆ ಗುರಿಯಿಟ್ಟು ಹೊಡೆದು ಪುಡಿಮಾಡುವುದು ಒಂದು. ಕುಯ್ಯುವುದಿಲ್ಲ, ಮರುದಿನ ಮನೆಗೆ ಹೋಗಬಹುದು. ಪುಡಿ ಮೂತ್ರದ ಜತೆ ತಾನಾಗಿ ಇಳಿದುಹೋಗುತ್ತದೆ. ಇನ್ನೊಂದು, ಅರಿವಳಿಕೆ ಕೊಟ್ಟು, ಮೂತ್ರದ ದಾರಿಯಿಂದಲೇ ಸಣ್ಣ ದುರ್ಬೀನು ತೂರಿಸಿ, ಲೇಸರಿನಿಂದ ಕಲ್ಲು ಒಡೆದು ಚೂರುಗಳನ್ನು ಹೆಕ್ಕಿ ತೆಗೆಯುವುದು. ಅದಕ್ಕೆ ಆಸ್ಪತ್ರೆವಾಸ ಹೆಚ್ಚು, ಮನೆಗೆ ಬಂದ ಮೇಲೂ ಕೆಲವು ವಾರ ಭಾರ ಎತ್ತುವಂತಿಲ್ಲ.

"ಅಲೆಯಿಂದ ಒಡೆಯುತ್ತೋ ಇಲ್ಲವೋ ಅಂತ ಮೊದಲೇ ಗೊತ್ತಾಗಲ್ವಾ?" ಕ್ವಿರಿನ್ ಕೇಳಿದ.

ಡಾಕ್ಟರರ ಮುಖ ಅರಳಿತು. ಅವರ ಪ್ರಾಣವೆಲ್ಲ ಇದ್ದದ್ದು ಈ ಪ್ರಶ್ನೆಯಲ್ಲೇ. ತಮ್ಮ ಕೈಕೆಳಗೆ ಬಂದ ರೋಗಿಗಳ ಚಿತ್ರಗಳನ್ನೆಲ್ಲ ವರ್ಷಗಟ್ಟಲೆ ಕಲೆಹಾಕಿ, ಯಾರ ಕಲ್ಲು ಒಡೆಯಿತು, ಯಾರದು ಒಡೆಯಲಿಲ್ಲ ಎಂದು ನೋಡಿ, ಅವರೇ ಒಂದು ಲೆಕ್ಕ ಕಟ್ಟಿದ್ದರು.

"ಮೂರ್ನಾಲ್ಕು ಸಂಗತಿ ನೋಡ್ಬೇಕು," ಎಂದು ಬೆರಳು ಮಡಿಸಿದರು. "ಕಲ್ಲು ಎಷ್ಟು ದೊಡ್ಡದು. ಎಷ್ಟು ಗಟ್ಟಿ, ಸ್ಕ್ಯಾನಿನಲ್ಲಿ ಬೆಳ್ಳಗೆ ಕಂಡಷ್ಟೂ ಗಟ್ಟಿ ಅಂತ ಲೆಕ್ಕ. ನಿಮ್ಮದು ತೀರಾ ಮೆದುವಲ್ಲ, ಬಂಡೆಯೂ ಅಲ್ಲ. ಆಮೇಲೆ ಚರ್ಮದಿಂದ ಕಲ್ಲಿಗೆ ಎಷ್ಟು ದೂರ. ದಪ್ಪಗಿರೋರಲ್ಲಿ ಅಲೆ ದಾರಿಯಲ್ಲೇ ಸುಸ್ತಾಗುತ್ತೆ. ನೀವು ತೆಳ್ಳಗಿದೀರಿ, ಫ್ರಾವ್ ಪೊಯಿಂಟ್ನರ್, ಅದು ನಿಮ್ಮ ಅದೃಷ್ಟ."

"ಕೇಳಿಸ್ತೇನೋ ಕ್ವಿರಿನ್? ನನ್ನನ್ನ ಕಡ್ಡಿ ಅಂತ ಹೊಗಳಿದ ಗಂಡಸು ಇವರೊಬ್ರೇ."

"ಜಾಗ ಮಾತ್ರ ಚೆನ್ನಾಗಿಲ್ಲ," ಡಾಕ್ಟರ್ ನಗುತ್ತಲೇ ಮುಂದುವರಿಸಿದರು. "ತಳದ ಬಟ್ಟಲು. ಪುಡಿಯಾದರೂ ಅಲ್ಲಿಂದ ಹತ್ತಿ ಬರೋದು ನಿಧಾನ." ಅಂಕಿಗಳನ್ನು ಒತ್ತಿದರು. ಪರದೆಯ ಮೂಲೆಯಲ್ಲಿ ಉತ್ತರ ಬಂತು. "ನೂರಕ್ಕೆ ಎಪ್ಪತ್ತು."

"ದುರ್ಬೀನಾದ್ರೆ?"

"ತೊಂಬತ್ತರ ಹತ್ತಿರ. ಕಿಡ್ನಿ ಒಂದೇ ಇರೋದ್ರಿಂದ ನಾನು ಅದರ ಕಡೆಗೇ ಸ್ವಲ್ಪ ವಾಲ್ತೀನಿ. ಆದ್ರೆ ಎಪ್ಪತ್ತು ಅನ್ನೋದು ಕೆಟ್ಟ ಸಂಖ್ಯೆ ಅಲ್ಲ. ನಿರ್ಧಾರ ನಿಮ್ಮದು."

"ಮಿಕ್ಕ ಮೂವತ್ತು ಜನ?" ಅಂದ ಕ್ವಿರಿನ್.

"ಅವರ ಕಲ್ಲು ಒಡೆಯಲ್ಲ, ಅಥವಾ ಅರ್ಧ ಒಡೆಯುತ್ತೆ. ಅವರಿಗೆ ಇನ್ನೊಮ್ಮೆ ಅಲೆ ಕೊಡ್ತೀವಿ, ಇಲ್ಲಾ ದುರ್ಬೀನು ಹಾಕ್ತೀವಿ."

ಬುರ್ಗಿ ಆಗಲೇ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. "ಅಲೆಯೇ ಇರ್ಲಿ. ಹಬ್ಬದ ಮುಂಚೆ ನಾನು ಕಡಾಯಿ ಮುಂದೆ ಇರ್ಬೇಕು."

ಮನೆಗೆ ಬರುವ ದಾರಿಯಲ್ಲಿ ಕ್ವಿರಿನ್ ಇನ್ನೊಮ್ಮೆ ಬಾಯಿ ತೆರೆದ. "ತೊಂಬತ್ತು ಬಿಟ್ಟು ಎಪ್ಪತ್ತಕ್ಕೆ ಯಾಕೆ ಹೋಗ್ತೀಯೇ?"

"ನಿನಗೆ ಕಿಡ್ನಿ ಕೊಡೋವಾಗ ನಾನು ಸಂಖ್ಯೆ ಕೇಳಿದ್ನಾ?" ಅಂದಳು.

ಕ್ರಿಸ್‌ಮಸ್ ಕಳೆದ ಮೇಲೆ ಅಲೆ ಕೊಟ್ಟರು. ಒಂದೇ ಕಿಡ್ನಿಯ ದಾರಿ ಕಟ್ಟಿಕೊಳ್ಳಬಾರದೆಂದು ಡಾಕ್ಟರರು ಮೊದಲೇ ಒಂದು ಮೆತ್ತನೆಯ ನಳಿಗೆಯನ್ನು ಕಿಡ್ನಿಯಿಂದ ಮೂತ್ರಕೋಶದವರೆಗೆ ಇಳಿಬಿಟ್ಟಿದ್ದರು. ಬೆನ್ನಿಗೆ ನೀರಿನ ದಿಂಬು ಒತ್ತಿಟ್ಟು ಯಂತ್ರ ಟಕ್ ಟಕ್ ಎಂದು ಹೊಡೆಯುತ್ತಿದ್ದುದು ಹೊರಗೆ ಕೂತಿದ್ದ ಕ್ವಿರಿನ್‌ಗೂ ಕೇಳಿಸಿತು. ಮುಗಿಸಿ ಬಂದ ಬುರ್ಗಿ, "ಯಾರೋ ತುಂಟ ಹುಡುಗ ಹಿಂದಿನ ಬೆಂಚಿನಿಂದ ರಬ್ಬರ್ ಬ್ಯಾಂಡ್ ಹೊಡೀತಿದ್ದ ಹಾಗಿತ್ತು. ತಿರುಗಿ ಕೆನ್ನೆಗೆ ಬಾರಿಸೋಣ ಅನ್ನಿಸ್ತು," ಎಂದು ನಕ್ಕಳು.

ಮರುದಿನದಿಂದಲೇ ಪುಡಿ ಬೀಳತೊಡಗಿತು. ಡಾಕ್ಟರರು ಸೋಸಿ ನೋಡಲು ಹೇಳಿದ್ದರು. ಬುರ್ಗಿ ಚಹಾ ಸೋಸುವ ಜಾಲರಿಯೊಂದನ್ನು ಅದಕ್ಕೇ ಮುಡಿಪಿಟ್ಟು, ಬಿದ್ದ ಕಂದು ಮರಳನ್ನು ಬಟ್ಟಲಿಗೆ ಹಾಕಿ ತಮ್ಮನ ಮೂಗಿನ ಕೆಳಗೆ ಹಿಡಿದಳು. "ನೋಡು, ಎಪ್ಪತ್ತರಲ್ಲಿ ನಾನೂ ಒಬ್ಬಳು."

ಎಷ್ಟೋ ದಿನದ ಮೇಲೆ ಕ್ವಿರಿನ್ ಹೊಟ್ಟೆ ತುಂಬ ಉಂಡ.

ಎಕ್ಸ್‌ರೇ ತೆಗೆದಾಗ ಕಲ್ಲಿದ್ದ ಜಾಗ ಬಹುಮಟ್ಟಿಗೆ ಖಾಲಿಯಾಗಿತ್ತು. ತಳದ ಬಟ್ಟಲಲ್ಲಿ ಒಂದಷ್ಟು ಚೂರು ಉಳಿದಿದ್ದವು, ಎಲ್ಲವೂ ಸಾಸಿವೆಗಿಂತ ತುಸು ದೊಡ್ಡವು ಅಷ್ಟೆ. ಒಳಗಿನ ನಳಿಗೆಯಿಂದ ಬುರ್ಗಿಗೆ ಹಗಲೂ ರಾತ್ರಿ ಉರಿ. ತೆಗೆದುಬಿಡಿ ಎಂದು ಹಟ ಹಿಡಿದಳು. ಡಾಕ್ಟರ್ ಲೋಯ್ಬಲ್ ಚಿತ್ರವನ್ನು ಮತ್ತೆ ಮತ್ತೆ ನೋಡಿದರು.

"ಇಷ್ಟು ಚಿಕ್ಕವು ತಾವಾಗೇ ಹೋಗ್ಬೇಕು," ಅಂದರು ಕೊನೆಗೆ. "ಆದ್ರೆ ಒಂದು ಮಾತು. ಜ್ವರ ಬಂದ್ರೆ, ಮೂತ್ರ ಕಡಿಮೆ ಆದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ. ಆ ಗಳಿಗೆಯಲ್ಲೇ ಬರ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು, ಗೊತ್ತಾಯ್ತು."

ನಳಿಗೆ ತೆಗೆದರು.

ಹಬ್ಬಕ್ಕೆ ಇನ್ನೊಂದು ವಾರವಿದ್ದಾಗ ಕ್ವಿರಿನ್‌ಗೆ ಫ್ಲೂ ಹಿಡಿಯಿತು. ಅಕ್ಕನ ಕಿಡ್ನಿಯನ್ನು ಅವನ ಮೈ ಹೊರಗೆ ತಳ್ಳದಿರಲೆಂದು ನುಂಗುವ ಮಾತ್ರೆಗಳು ರೋಗ ತಡೆಯುವ ಅವನ ಕಸುವನ್ನೂ ಕುಂದಿಸಿದ್ದವು. ಅವನಿಗೆ ನೆಗಡಿ ಎಂದರೆ ನೆಗಡಿಯಲ್ಲ. ಬುರ್ಗಿ ಫೋನಿನಲ್ಲೇ ಗದರಿದಳು. "ಮನೆ ಬಿಟ್ಟು ಹೊರಗೆ ಕಾಲಿಟ್ಟೀಯೆ ಮತ್ತೆ! ಸೂಪು ಬಾಗಿಲ ಹತ್ರ ಇಟ್ಟು ಹೋಗೋಕೆ ಆಫ್ರಾಗೆ ಹೇಳ್ತೀನಿ." ದಿನಾ ಸಂಜೆ ಫೋನು ಮಾಡಿದಳು. ಅವನ ಜ್ವರ ಎಷ್ಟು, ಊಟ ಏನು, ಮಾತ್ರೆ ಆಯಿತಾ ಎಂದು ಕೇಳಿದಳೇ ಹೊರತು ತನ್ನ ಸುದ್ದಿ ಎತ್ತಲಿಲ್ಲ. ಅವನೂ ಕೆಮ್ಮುತ್ತ, ಅವಳ ದನಿ ಸಣ್ಣಗಾದದ್ದನ್ನು ದಣಿವು ಅಂದುಕೊಂಡ.

ಹಬ್ಬದ ಮುನ್ನಾದಿನ ಮಧ್ಯಾಹ್ನ ಫೋನು ಮಾಡಿದವಳು ಆಫ್ರಾ.

"ಕ್ವಿರಿನ್, ಆಂಬುಲೆನ್ಸ್ ಕರೆಸಿದೀನಿ. ಕಡಾಯಿ ಪಕ್ಕ ನಡುಗ್ತಾ ಕೂತ್ಬಿಟ್ಲು. ಮೈ ಕೆಂಡ. ನಿನ್ನೆಯಿಂದ ಮೂತ್ರಕ್ಕೇ ಹೋಗಿಲ್ಲ ಅಂತ ಈಗ ಬಾಯಿ ಬಿಡ್ತಿದಾಳೆ. ನಿನಗೆ ಹೇಳ್ಬೇಡ ಅಂದ್ಲು. ನಾನು ಹೇಳ್ತಿದೀನಿ."

ಉಳಿದಿದ್ದ ಚೂರುಗಳು ಒಟ್ಟಿಗೆ ಇಳಿದು, ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ಸಣ್ಣ ಕೊಳವೆಯಲ್ಲಿ ಸಾಲುಗಟ್ಟಿ ಸಿಕ್ಕಿಕೊಂಡಿದ್ದವು. ಜರ್ಮನ್ ವೈದ್ಯರು ಇದಕ್ಕೆ 'ಕಲ್ಲಿನ ಬೀದಿ' ಅನ್ನುತ್ತಾರೆ. ಎರಡು ಕಿಡ್ನಿ ಇದ್ದವರಿಗೆ ಒಂದು ಬೀದಿ ಕಟ್ಟಿದರೆ ಇನ್ನೊಂದು ಇರುತ್ತದೆ. ಬುರ್ಗಿಗೆ ಇದ್ದದ್ದು ಒಂದೇ. ಮೇಲೆ ನಿಂತ ಮೂತ್ರ ಕೀವಾಗಿ, ಕೀವು ರಕ್ತಕ್ಕೆ ಸೇರಿತ್ತು. ಡಾಕ್ಟರ್ ಲೋಯ್ಬಲ್ ಬೆನ್ನಿನಿಂದ ನೇರವಾಗಿ ಕಿಡ್ನಿಗೆ ಕೊಳವೆ ಚುಚ್ಚಿ ಅದನ್ನೆಲ್ಲ ಹೊರಗೆ ಹರಿಸಿದರು. ಆಮೇಲೆ ಅವಳು ಎಚ್ಚರವಿಲ್ಲದೆ ಬಹಳ ದಿನ ಮಲಗಿದಳು. ಪಾದ್ರಿ ಬಂದು, ಕೊನೆಗಾಲದವರಿಗೆ ಮಾಡುವಂತೆ, ಹಣೆಗೆ ಎಣ್ಣೆ ಹಚ್ಚಿ ಹೋದರು. ಕೆಮ್ಮು ನಿಲ್ಲದ ಕ್ವಿರಿನ್‌ನನ್ನು ಒಳಗೆ ಬಿಡದೆ, ಗಾಜಿನ ಆಚೆಯಿಂದ ನೋಡು ಅಂದರು.

ಬುರ್ಗಿ ಬದುಕಿಕೊಂಡಳು. ಅವಳ ಕಿಡ್ನಿ ಬದುಕಲಿಲ್ಲ.

ಆ ಸುದ್ದಿ ಖಚಿತವಾದ ದಿನ ಕ್ವಿರಿನ್ ಡಾಕ್ಟರರನ್ನು ಆಸ್ಪತ್ರೆಯ ಮೊಗಸಾಲೆಯಲ್ಲಿ, ಕಾಫಿ ಯಂತ್ರದ ಎದುರು ಹಿಡಿದ. ಜಗಳವಾಡಬೇಕೆಂದೇ ಬಂದಿದ್ದ.

"ನಿಮ್ಮ ಲೆಕ್ಕ ತಪ್ಪಾಯ್ತಲ್ಲ ಡಾಕ್ಟ್ರೇ!"

ಲೋಯ್ಬಲ್‌ರ ಗಡ್ಡ ಬೆಳೆದಿತ್ತು. ಕಾಗದದ ಲೋಟ ತುಂಬಿದ್ದರೂ ಅವರು ಎತ್ತಿಕೊಂಡಿರಲಿಲ್ಲ.

"ತಪ್ಪಾಗಿದ್ರೆ ಚೆನ್ನಾಗಿತ್ತು," ಅಂದರು. "ತಪ್ಪಲಿಲ್ಲ, ಹೆರ್ ಪೊಯಿಂಟ್ನರ್. ಕಲ್ಲು ಒಡೆಯುತ್ತಾ ಅಂತ ಲೆಕ್ಕ. ಒಡೀತು. ಉಳಿದ ಚೂರು ಚಿಕ್ಕವಿದ್ರೆ ಗೆದ್ದ ಹಾಗೆ ಅಂತ ನಾನೇ ಗೆರೆ ಎಳೆದಿದ್ದೆ. ಚಿಕ್ಕವೇ ಇದ್ವು. ನನ್ನ ಲೆಕ್ಕದಲ್ಲಿ ನಿಮ್ಮಕ್ಕ ಎಪ್ಪತ್ತು ಜನರ ಕಡೆಗೇ ಬರ್ತಾರೆ."

ಕ್ವಿರಿನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಗೋಡೆಗೆ ಒರಗಿದ.

"ಗೆದ್ದೋರ ಕಡೆಗೆ," ಅಂದ.

"ಹೌದು. ಆ ನಳಿಗೆ ಇನ್ನೊಂದಿಷ್ಟು ದಿನ ಒಳಗಿರಲಿ ಅಂತ ನಾನು ಹಟ ಮಾಡ್ಬೇಕಿತ್ತು. ಲೆಕ್ಕ ನನ್ನನ್ನ ಧೈರ್ಯಕ್ಕೆ ತಳ್ಳಿತು."

ಕ್ವಿರಿನ್ ಜಗಳಕ್ಕೆಂದು ಕೂಡಿಟ್ಟ ಮಾತೆಲ್ಲ ಕೆಲಸಕ್ಕೆ ಬಾರದೆ ಹೋಯಿತು. ಎದುರಿನವನು ತಪ್ಪಿಸಿಕೊಳ್ಳಲು ನೋಡಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು.

ಹೀಗೆ, ತಮ್ಮ ಬಿಟ್ಟು ಬಂದ ಕುರ್ಚಿಗೆ ಅಕ್ಕ ಹೋಗಿ ಕೂತಳು. ಅದೇ ಡಯಾಲಿಸಿಸ್ ಕೇಂದ್ರ, ಕಿಟಕಿಯಾಚೆ ಅದೇ ಕಾರು ನಿಲ್ಲುವ ಜಾಗ. ಹಿಂದೆ ಕ್ವಿರಿನ್‌ಗೆ ಸೂಜಿ ಚುಚ್ಚುತ್ತಿದ್ದ ಸಿಸ್ಟರ್ ಗೆರ್ಲಿಂಡ್ ನಿವೃತ್ತಿಯ ಅಂಚಿನಲ್ಲಿದ್ದಳು. ಇಬ್ಬರನ್ನೂ ಬಾಗಿಲಲ್ಲಿ ಕಂಡು, ಯಾರಿಗೆ ಎಂದು ಕೇಳಲು ಬಾಯಿ ತೆರೆದವಳು, ಬುರ್ಗಿಯ ಊದಿದ ಕಣ್ಣು ನೋಡಿ, ಅವಳಿಗೆ ಕೋಟು ಬಿಚ್ಚಿಕೊಳ್ಳಲು ಕೈ ಕೊಟ್ಟಳು.

ಕ್ವಿರಿನ್‌ಗೆ ಆ ಬದುಕಿನ ಒಳಹೊರಗೆಲ್ಲ ಗೊತ್ತಿತ್ತು. ಬಟಾಟೆಯನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ ಬೇಯಿಸಬೇಕು. ಬಾಳೆಹಣ್ಣು, ಟೊಮೆಟೊ ಮರೆಯಬೇಕು. ಬಾಯಾರಿದಾಗ ಐಸಿನ ತುಂಡು ಚೀಪಬೇಕು, ಅದೂ ಆಗದಿದ್ದರೆ ನಿಂಬೆಯ ಹೋಳನ್ನು ನಾಲಗೆಗೆ ತಾಗಿಸಬೇಕು. ಒಂದೊಂದನ್ನೇ ಅವಳಿಗೆ ಕಲಿಸಿದ. ಅವಳು ಮುಖ ಸಿಂಡರಿಸಿಕೊಂಡು ಕಲಿತಳು.

"ನಾಲ್ಕು ವರ್ಷ ಇದನ್ನೇ ತಿಂದ್ಯಾ? ಹೆಂಡತಿ ಓಡಿಹೋಗಿದ್ದು ಸುಮ್ನೆ ಅಲ್ಲ ಬಿಡು."

ಎಲ್ಲಕ್ಕಿಂತ ಕಷ್ಟವಾದದ್ದು ನೀರು. ಮೂತ್ರವೇ ಇಲ್ಲದ ಬುರ್ಗಿಗೆ ದಿನಕ್ಕೆ ಸೂಪು, ಕಾಫಿ ಎಲ್ಲ ಸೇರಿ ಮೂರ್ನಾಲ್ಕು ಲೋಟ ದಾಟುವಂತಿರಲಿಲ್ಲ. ಕ್ವಿರಿನ್‌ಗೆ ಉಲ್ಟಾ. ಅವನೊಳಗಿನ ಕಿಡ್ನಿ ಚೆನ್ನಾಗಿರಬೇಕಾದರೆ ಅವನು ದಿನವಿಡೀ ಸೀಸೆಗಟ್ಟಲೆ ಕುಡಿಯುತ್ತಿರಬೇಕು. ಅಕ್ಕನ ಮನೆಗೆ ಬಂದರೆ ಅವನಿಗೆ ಗಂಟಲಲ್ಲಿ ನೀರಿಳಿಯುತ್ತಿರಲಿಲ್ಲ. ಬಚ್ಚಲಿಗೆ ಹೋಗುವ ನೆಪ ಮಾಡಿ, ನಲ್ಲಿಗೆ ಬಾಯಿಯಿಟ್ಟು ಕಳ್ಳನ ಹಾಗೆ ಕುಡಿದು ಬರುತ್ತಿದ್ದ. ಬೇಸಗೆಯಲ್ಲಿ ಒಂದು ದಿನ ಅದೂ ಬಿಟ್ಟ. ಸಂಜೆಯಾಗುವಷ್ಟರಲ್ಲಿ ತುಟಿ ಒಣಗಿ, ತಲೆ ಸುತ್ತಿ, ಮೇಜು ಹಿಡಿದುಕೊಂಡು ಕೂತ.

ಬುರ್ಗಿ ಅವನನ್ನೇ ದಿಟ್ಟಿಸಿ ನೋಡಿದಳು. ಎದ್ದು ಒಳಗೆ ಹೋಗಿ ದೊಡ್ಡ ಬಿಯರ್ ಲೋಟದ ತುಂಬ ತಣ್ಣನೆಯ ನೀರು ತಂದು ಅವನೆದುರು ಕುಕ್ಕಿದಳು.

"ಕುಡಿ."

"ಆಮೇಲೆ ಕುಡೀತೀನಿ."

"ಈಗ. ಇಲ್ಲೇ. ನನ್ನ ಕಣ್ಣೆದುರಿಗೆ."

"ಬುರ್ಗಿ, ನಿನ್ನ ಮುಂದೆ ಹೇಗೇ..."

"ಲೋ ಮಂಕೇ, ನನ್ನ ಹತ್ರ ಇದ್ದಿದ್ದು ಎರಡು. ಒಂದು ಹಾಳಾಯ್ತು. ಇನ್ನೊಂದಕ್ಕೂ ನೀರು ಹಾಕದೆ ಸಾಯಿಸ್ತೀಯಾ?"

ಅವನು ಲೋಟ ಎತ್ತಿದ. ಅವಳು ಎದುರಿನ ಕುರ್ಚಿಯಲ್ಲಿ ಕೂತು, ಗಲ್ಲಕ್ಕೆ ಕೈಯಿಟ್ಟು, ಅವನ ಗಂಟಲು ಏರಿಳಿಯುವುದನ್ನೇ ನೋಡಿದಳು. ಅವನು ಲೋಟ ಕೆಳಗಿಟ್ಟಾಗ ಅವಳೂ ಒಂದು ನಿಟ್ಟುಸಿರು ಬಿಟ್ಟು ತುಟಿ ಒರೆಸಿಕೊಂಡಳು. ಅಂದಿನಿಂದ ಅದು ಅವರಿಬ್ಬರ ನಿತ್ಯದ ರೂಢಿಯಾಯಿತು. ಅವನು ಬಂದ ಕೂಡಲೇ ಅವಳು ಲೋಟ ತುಂಬಿಡುವಳು. ಒಮ್ಮೊಮ್ಮೆ, "ನಿಧಾನ, ನಿಧಾನ. ರುಚಿ ಹೇಗಿದೆ ಹೇಳು," ಅನ್ನುವಳು. "ನೀರಿಗೆ ಎಂಥ ರುಚಿಯೇ?" ಅಂದರೆ, "ನಿನಗೇನು ಗೊತ್ತು," ಅನ್ನುವಳು.

ಆ ಶರತ್ಕಾಲದಲ್ಲಿ ಕ್ವಿರಿನ್ ಅವಳಿಗೆ ಹೇಳದೆ ಮ್ಯೂನಿಕ್‌ಗೆ ಹೋದ. ತನಗೆ ಕಿಡ್ನಿ ಕಸಿ ಮಾಡಿದ ಆಸ್ಪತ್ರೆಯಲ್ಲಿ ಈಗಿನ ಮುಖ್ಯಸ್ಥೆ ಪ್ರೊಫೆಸರ್ ಹೆಲ್‌ವಿಗ್ ಎಂಬ ನೆರೆಗೂದಲಿನ ಹೆಂಗಸು. ಅವರೆದುರು ಟೊಪ್ಪಿ ಕೈಯಲ್ಲಿ ಹಿಡಿದು ಕೂತು ನೇರವಾಗಿ ಕೇಳಿದ.

"ಇದನ್ನ ತೆಗೆದು ಅವಳಿಗೆ ವಾಪಸ್ ಹಾಕಿ."

ಪ್ರೊಫೆಸರ್ ಕನ್ನಡಕ ತೆಗೆದರು. ಯಾರೂ ಅವರನ್ನು ಹೀಗೆ ಕೇಳಿರಲಿಲ್ಲವೋ ಏನೋ.

"ನೀವು?"

"ನಾನು ಮೊದ್ಲಿನ ಹಾಗೆ ಡಯಾಲಿಸಿಸ್‌ಗೆ ಹೋಗ್ತೀನಿ. ಅಭ್ಯಾಸ ಇದೆ. ಅವಳಿಗಿಲ್ಲ. ಅವಳಿಗೆ ದಿನದಿಂದ ದಿನಕ್ಕೆ ಆಗ್ತಾ ಇಲ್ಲ."

"ಹೆರ್ ಪೊಯಿಂಟ್ನರ್, ಹದಿನೇಳು ವರ್ಷ ಅದು ನಿಮ್ಮೊಳಗೆ ಬೇರು ಬಿಟ್ಟಿದೆ. ಸುತ್ತ ಎಲ್ಲ ಅಂಟಿಕೊಂಡಿರುತ್ತೆ. ಬಿಡಿಸೋವಾಗಲೇ ಹರಿದುಹೋಗಬಹುದು. ಆಮೇಲೆ ಇಬ್ಬರಿಗೂ ಇಲ್ಲ."

"ಎಷ್ಟು ಅವಕಾಶ? ನೂರಕ್ಕೆ?"

ಅವರು ಸಂಖ್ಯೆ ಹೇಳಲಿಲ್ಲ. "ಬದುಕಿರೋ ಮನುಷ್ಯನಿಂದ ಅವನ ಒಂದೇ ಕಿಡ್ನಿ ತೆಗೆಯೋಕೆ ನನ್ನ ಕೈ ಬರಲ್ಲ," ಅಂದರು. "ನಿಮ್ಮಕ್ಕನ ಹೆಸರು ಕಾಯುವವರ ಸಾಲಿನಲ್ಲಿದೆ. ಸಾಲು ಉದ್ದ ಇದೆ, ಸುಳ್ಳು ಹೇಳಲ್ಲ. ಆದ್ರೆ ಇದೆ."

ಸುದ್ದಿ ಹೇಗೋ ಬುರ್ಗಿಯ ಕಿವಿಗೆ ಬಿತ್ತು. ಬಹುಶಃ ಆಸ್ಪತ್ರೆಯವರು ಫೋನು ಮಾಡಿರಬೇಕು. ಮುಂದಿನ ಸಲ ಅವಳು ಯಂತ್ರದ ಪಕ್ಕ ಮಲಗಿದ್ದಾಗ ಅವನು ಎಂದಿನಂತೆ ಕುರ್ಚಿ ಎಳೆದುಕೊಂಡು ಕೂತ. ಅವಳು ಕಣ್ಣು ಮುಚ್ಚಿಕೊಂಡೇ, ಚಿಕ್ಕಂದಿನಲ್ಲಿ ಗೋಲಿ ಬದಲಾಯಿಸಿಕೊಳ್ಳುವಾಗ ಇಬ್ಬರೂ ರಾಗವಾಗಿ ಹೇಳುತ್ತಿದ್ದ ಮಾತು ಹೇಳಿದಳು.

"ಕೊಟ್ಟಿದ್ದು ಕೊಟ್ಟಾಯ್ತು, ವಾಪಸ್ ತಗೊಂಡ್ರೆ ಕಳ್ಳ."

ಅವನು ತಲೆ ತಗ್ಗಿಸಿದ.

"ನನ್ನ ಕಳ್ಳಿ ಮಾಡೋಕೆ ಹೊರಟಿದ್ದೆ ಅಲ್ವಾ?" ಎಂದು ಕಣ್ಣು ಬಿಟ್ಟಳು. "ಕೇಳು. ಆ ದಿನ ಕೊಟ್ನಲ್ಲ, ಆಮೇಲೆ ನೀನು ಬಸ್ಸಲ್ಲಿ ಕೂತು ಹಾರ್ನ್ ಹೊಡ್ಕೊಂಡು ಚೌಕಕ್ಕೆ ಬಂದೆ. ಇಡೀ ಊರು ತಿರುಗಿ ನೋಡ್ತು. ನನ್ನ ಬದುಕಲ್ಲಿ ನಾನು ಮಾಡಿದ್ದರಲ್ಲಿ ಒಂದು ಕೆಲಸ ಪೂರ್ತಿ ಸರಿಹೋಯ್ತು ಅಂದ್ರೆ ಅದೇ. ಅದನ್ನ ಕೆಡಿಸ್ಬೇಡ."

ಸಿಸ್ಟರ್ ಗೆರ್ಲಿಂಡ್ ಯಂತ್ರದ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತ ಆ ಕಡೆ ಮುಖ ಮಾಡಿ ನಿಂತಳು.

ಮರುವರ್ಷ ಬುರ್ಗಿ ಮೇಣದ ಕಡಾಯಿ ಆಫ್ರಾಳಿಗೆ ಬಿಟ್ಟುಕೊಟ್ಟು ಗಲ್ಲಾದ ಹಿಂದೆ ಕೂರತೊಡಗಿದಳು. ಬೇಸಗೆಯ ಹೊತ್ತಿಗೆ ಅದೂ ಆಗಲಿಲ್ಲ. ಎಡಗೈಯಲ್ಲಿ ಡಯಾಲಿಸಿಸ್ ಸೂಜಿಗೆಂದು ಜೋಡಿಸಿ ಹೊಲಿದ ರಕ್ತನಾಳ ಎರಡು ಸಲ ಕಟ್ಟಿಕೊಂಡಿತು. ಹೃದಯಕ್ಕೆ ನೀರಿನ ಭಾರ ಹೊರಲಾಗದೆ ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ಬಾಯಿ ಮಾತ್ರ ಸೋಲಲಿಲ್ಲ. ನವೆಂಬರಿನಲ್ಲಿ ಒಂದು ಬೆಳಗ್ಗೆ ಡಯಾಲಿಸಿಸ್‌ಗೆ ಕರೆದೊಯ್ಯಲು ಕ್ವಿರಿನ್ ಹೋದಾಗ ಅವಳು ಕೋಟು ಹಾಕಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು, ಹಜಾರದ ಬೆಂಚಿನ ಮೇಲೆ ಕೂತಿದ್ದಳು. ಎರಡು ಸಲ ಕರೆದ. ಹತ್ತಿರ ಹೋಗಿ ಮುಟ್ಟಿದ. ಕೆನ್ನೆ ಇನ್ನೂ ಬೆಚ್ಚಗಿತ್ತು. ಹೃದಯ ನಿಂತಿತ್ತು.

ಮೇಜಿನ ಮೇಲೆ ಅವನಿಗೆಂದು ನೀರು ತುಂಬಿಟ್ಟಿದ್ದಳು. ಅವನು ಡಾಕ್ಟರಿಗೆ ಫೋನು ಮಾಡಿದ. ಆಫ್ರಾಳನ್ನು ಕೂಗಿದ. ಅವರು ಬರುವ ಮೊದಲು ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತು ಆ ನೀರನ್ನು ಕೊನೆಯ ಹನಿಯವರೆಗೂ ಕುಡಿದ.

ಮಣ್ಣಾದ ಮೇಲೆ ಊರಿನ ಪದ್ಧತಿಯಂತೆ ಎಲ್ಲರೂ ಚೌಕದ ಹೋಟೆಲಿನಲ್ಲಿ ಊಟಕ್ಕೆ ಸೇರಿದರು. ಡಾಕ್ಟರ್ ಲೋಯ್ಬಲ್ ಕೂಡ ಬಂದಿದ್ದರು. ಕಪ್ಪು ಟೈ ಕಟ್ಟಿ, ಬಾಗಿಲ ಬಳಿ, ಸೂಪು ಮುಟ್ಟದೆ ಕೂತಿದ್ದರು. ಜನ ಗುಸುಗುಸು ಅನ್ನುತ್ತಿದ್ದುದು ಅವರಿಗೂ ಕೇಳಿಸಿರಬೇಕು. ಕ್ವಿರಿನ್ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಅವರೆದುರು ಕೂತ.

"ಊಟ ಮಾಡಿ ಡಾಕ್ಟ್ರೇ. ಬಿಟ್ಟು ಹೋದ್ರೆ ಅವಳಿಗೆ ಸಿಟ್ಟು ಬರುತ್ತೆ."

ಅವರು ಚಮಚ ಎತ್ತಿ, ಮತ್ತೆ ಇಟ್ಟರು. "ಒಂದು ಮಾತು ಹೇಳ್ಬೇಕು ಅಂತ ಬಂದೆ. ಅವರನ್ನ ನಾನು ಆ ಎಪ್ಪತ್ತರ ಕಡೆಯಿಂದ ತೆಗೆದೆ. ಅವರೊಬ್ಬರನ್ನೇ ಅಲ್ಲ. ಕಲ್ಲು ಒಡೆದ ಮೇಲೆ ಆರು ತಿಂಗಳಿಗೆ, ವರ್ಷಕ್ಕೆ ಹೇಗಿದ್ರು ಅಂತ ಎಲ್ಲರ ಮನೆಗೂ ಫೋನು ಮಾಡಿ ಕೇಳಿದೆ. ಸಂಖ್ಯೆ ಇಳೀತು."

"ಎಷ್ಟಕ್ಕೆ?" ಎಂದು ಕೇಳಬಹುದಿತ್ತು. ಕ್ವಿರಿನ್ ಕೇಳಲಿಲ್ಲ. ಇಬ್ಬರೂ ಸೂಪು ಕುಡಿದರು. ಹೊರಡುವಾಗ ಡಾಕ್ಟರ್ ಕೈ ಚಾಚಿದರು, ಕ್ವಿರಿನ್ ಹಿಡಿದ. ಕ್ಷಮಿಸಿದನೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಆ ಕೈ ತಣ್ಣಗಿತ್ತು ಎಂಬುದಷ್ಟೇ ನೆನಪಿನಲ್ಲಿ ಉಳಿಯಿತು.

ಅವನು ಅಳಲಿಲ್ಲ. ಸಮಾಧಿಯ ಹತ್ತಿರವೂ ಇಲ್ಲ, ಕ್ರಿಸ್‌ಮಸ್‌ನಲ್ಲೂ ಇಲ್ಲ. ಬಸ್ಸು ಓಡಿಸಿದ, ಮಾತ್ರೆ ನುಂಗಿದ, ಸೀಸೆ ತುಂಬಿಕೊಂಡು ನೀರು ಕುಡಿದ. ಆಫ್ರಾ ಅವನನ್ನು ನೋಡಿ, "ಮನುಷ್ಯನೋ ಮರವೋ ನೀನು?" ಎಂದು ಒಂದು ದಿನ ಬೈದೂಬಿಟ್ಟಳು.

ಮುಂದಿನ ಮೇ ತಿಂಗಳಲ್ಲಿ ವರ್ಷಕ್ಕೊಮ್ಮೆಯ ತಪಾಸಣೆಗೆ ಮ್ಯೂನಿಕ್‌ಗೆ ಹೋದ. ಪ್ರೊಫೆಸರ್ ಹೆಲ್‌ವಿಗ್ ರಕ್ತದ ವರದಿ ನೋಡಿ ಹುಬ್ಬೇರಿಸಿದರು.

"ಅಷ್ಟು ಹಳೆಯ ಕಿಡ್ನಿ ಹೀಗೆ ಕೆಲಸ ಮಾಡೋದು ನಾನು ಕಂಡಿದ್ದು ಕಡಿಮೆ. ನನ್ನ ಅಂದಾಜಿನಲ್ಲಿ ಇದು ಇನ್ನೂ..."

"ಬೇಡ," ಅಂದ ಕ್ವಿರಿನ್. "ಅಂದಾಜು ಹೇಳ್ಬೇಡಿ."

ಅವರು ಅವನ ಮುಖ ನೋಡಿ ಅರ್ಥಮಾಡಿಕೊಂಡರು. ಎದ್ದು ಬಂದು ಬಾಗಿಲು ತೆರೆದು ಬೀಳ್ಕೊಟ್ಟರು.

ವಾಪಸು ಬರುವ ಮಧ್ಯಾಹ್ನದ ರೈಲಿನಲ್ಲಿ ಅವನಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಮಾರಿಯಾಬಾಖ್ ದಾಟಿಹೋಗಿತ್ತು. ಮುಂದಿನ ಸಣ್ಣ ನಿಲ್ದಾಣದಲ್ಲಿ ಇಳಿದ. ಆಚೆ ಗೋಧಿಹೊಲ, ಈಚೆ ಒಂದು ಬೆಂಚು, ಮಗುವಿನ ಗಾಡಿ ತೂಗುತ್ತ ಕೂತ ಒಬ್ಬ ಹೆಂಗಸು. ಹಿಂದಕ್ಕೆ ಹೋಗುವ ರೈಲಿಗೆ ಹೊತ್ತಿತ್ತು. ಚೀಲದಿಂದ ಸೀಸೆ ತೆಗೆದು ಕುಡಿಯಲು ಬಾಯಿಗಿಟ್ಟ. ನೀರು ಒಳಗೆ ಇಳಿಯಲಿಲ್ಲ. ಸೀಸೆ ಜಾರಿ ಕೆಳಗೆ ಬಿತ್ತು. ಐವತ್ತೈದು ದಾಟಿದ ಆ ದೊಡ್ಡ ಮೈಯ ಬಸ್ ಡ್ರೈವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ.

ಹೆಂಗಸು ಎದ್ದು ಬಂದು ಸೀಸೆ ಎತ್ತಿಕೊಟ್ಟಳು.

"ಏನಾಯ್ತು? ಯಾರನ್ನಾದ್ರೂ ಕರೀಲಾ?"

"ನಮ್ಮಕ್ಕ ತೀರಿಕೊಂಡ್ಲು."

"ಅಯ್ಯೋ. ಇವತ್ತಾ?"

"ಇಲ್ಲ. ಹೋದ ನವೆಂಬರ್‌ನಲ್ಲಿ."

ಅವಳು ಮಗುವಿನ ಗಾಡಿಯನ್ನು ಹತ್ತಿರ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು. ರೈಲು ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದರು.